ಅಳುವಿನ ಒಡೆಯರು

ನಮ್ಮಮ್ಮ ನಮ್ಮಪ್ಪನ ಹೆಣದ ಮುಂದೆ ಕೂತು ಹಾಡಿಕೊಂಡು ಅತ್ತದ್ದನ್ನು ಒಂದು ಆ್ಯಪ್ ಎತ್ತಿಕೊಂಡಿತು. ಅದರೊಳಗಿನ ಹತ್ತೊಂಬತ್ತು ಸೆಕೆಂಡನ್ನು ಕತ್ತರಿಸಿ, ಯಾರು ಬೇಕಾದರೂ ತಮ್ಮ ವಿಡಿಯೊಗೆ ಹಚ್ಚಿಕೊಳ್ಳಬಹುದು ಎಂದು ಎಲ್ಲರ ಮುಂದೆ ಇಟ್ಟಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ನಾಲ್ಕು ಲಕ್ಷ ಹನ್ನೆರಡು ಸಾವಿರ ಮಂದಿ ಹಚ್ಚಿಕೊಂಡಿದ್ದರು.

ಅಪ್ಪ ಸತ್ತದ್ದು ಫೆಬ್ರವರಿಯಲ್ಲಿ. ಮನಿಲಾದಿಂದ ಉತ್ತರಕ್ಕಿರುವ ನಮ್ಮ ಪಸುಕಿನ್ ಕರಾವಳಿಯಲ್ಲಿ ಅದು ಉಪ್ಪು ಬೇಯಿಸುವ ಕಾಲ. ಕಡಲ ನೀರನ್ನು ಉಪ್ಪುಮಣ್ಣಿನ ಮೇಲೆ ಸುರಿದು ಸೋಸಿ, ಸೋಸಿದ ನೀರನ್ನು ಕೊಪ್ಪರಿಗೆಯಲ್ಲಿ ಕುದಿಸುವುದು ನಮ್ಮ ಮನೆಯಲ್ಲಿ ಅಮ್ಮನ ಕೆಲಸ. ಕಟ್ಟಿಗೆ ಹೊರುವುದು ಅಪ್ಪನದು. ಅವತ್ತು ಅಮ್ಮ ನೊರೆ ತೆಗೆಯುತ್ತಿದ್ದಳು. ‘ಇನ್ನೊಂದು ಹೊರೆ ತರ್ತೀನಿ ಇರು’ ಎಂದು ಹೋದ ಅಪ್ಪ ಬೇಲಿಯ ಹತ್ತಿರ ಕುಸಿದುಬಿದ್ದ, ಮತ್ತೆ ಏಳಲಿಲ್ಲ. ಎಮೆತೆರಿಯೊ ಅವನ ಹೆಸರು, ಊರಿಗೆಲ್ಲ ತೆರ್ಯೊ.

ನನ್ನ ತಂಗಿ ಮರಿವಿಕ್ ತೈವಾನಿನಲ್ಲಿದ್ದಾಳೆ. ಫೋನಿನ ಕ್ಯಾಮೆರಾಗೆ ಕೂರಿಸುವ ಗಾಜಿನ ಬಿಲ್ಲೆಗಳಲ್ಲಿ ಗೀರು ಇದೆಯೇ ಎಂದು ನೋಡುವ ಕೆಲಸ. ಅಪ್ಪ ಸತ್ತ ಎಂದು ರಜೆ ಕೇಳಿದಳು. ಹೊಸ ಮಾದರಿ ಕಾರ್ಖಾನೆಯಿಂದ ಹೊರಬೀಳುವವರೆಗೆ ಯಾರಿಗೂ ರಜೆ ಇಲ್ಲ ಎಂದರು.

ನಮ್ಮಲ್ಲಿ ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತೇವೆ. ಅದಕ್ಕೆ ದುಂಗಾವ್ ಎನ್ನುತ್ತೇವೆ. ತಲೆಯ ಮೇಲೆ ಕರಿ ಬಟ್ಟೆ ಹೊದ್ದು ಶವಪೆಟ್ಟಿಗೆಯ ಪಕ್ಕ ಕೂತ ಹೆಂಗಸು ಸತ್ತವನ ಜೊತೆ ಮಾತಾಡುತ್ತಾಳೆ, ಜಗಳ ಆಡುತ್ತಾಳೆ, ಬದುಕಿದ್ದಾಗ ನುಂಗಿಕೊಂಡದ್ದನ್ನೆಲ್ಲ ಕಾರುತ್ತಾಳೆ. ಸತ್ತವರ ಕಣ್ಣು ಮುಚ್ಚಿದ್ದರೂ ಮಣ್ಣಾಗುವವರೆಗೆ ಕಿವಿ ತೆರೆದಿರುತ್ತದೆ ಎಂಬುದು ನಂಬಿಕೆ. ದೂರದಿಂದ ಯಾರಾದರೂ ಬಂದು ಹೊಸ್ತಿಲು ತುಳಿದರೆ ಅಳು ಮತ್ತೆ ಮೊದಲಾಗಬೇಕು. ಇಂಥವರು ಬಂದಿದ್ದಾರೆ ಎಂದು ಹೇಳಬೇಕು. ಹೇಳದಿದ್ದರೆ ಸತ್ತವನಿಗೆ ಗೊತ್ತಾಗುವುದಿಲ್ಲ, ಬಂದವರು ಬಂದಂತಾಗುವುದಿಲ್ಲ. ಇನ್ನೊಂದು ಕಟ್ಟಳೆಯೂ ಇದೆ. ದುಂಗಾವಿನಲ್ಲಿ ಕಿವಿಗೆ ಬಿದ್ದ ಮಾತನ್ನು ಯಾರೂ ಆ ಮನೆಯ ಹೊಸ್ತಿಲಾಚೆ ಒಯ್ಯಬಾರದು. ಇಡೀ ಊರೇ ಕೂತು ಕೇಳುತ್ತದೆ, ಇಡೀ ಊರೇ ಕೇಳಿಸಲಿಲ್ಲ ಎನ್ನುವ ಹಾಗೆ ಎದ್ದುಹೋಗುತ್ತದೆ.

ಹಾಗಾದರೆ ಮರಿವಿಕ್ ಬರುವುದು ಹೇಗೆ? ಫೋನಿನಲ್ಲಿ. ನಾವು ಆ ಆ್ಯಪಿನಲ್ಲೇ ಮಾತಾಡುವುದು, ಯಾಕೆಂದರೆ ನಮ್ಮ ಸಿಮ್ಮಿಗೆ ಆ ಒಂದೇ ಆ್ಯಪ್ ಪುಕ್ಕಟೆ. ಲೈವ್ ಹಾಕಿದರೆ ರೋಮಿನಲ್ಲಿದ್ದ ಚಿಕ್ಕಮ್ಮ, ಹವಾಯಿಯ ದೊಡ್ಡಪ್ಪನ ಮಕ್ಕಳು, ಎಲ್ಲರೂ ನೋಡಬಹುದಿತ್ತು. ಆದರೆ ಸಾಮಾನ್ಯ ಖಾತೆಯಲ್ಲಿ ಅರ್ಧ ಗಂಟೆಗೇ ಲೈವ್ ನಿಂತುಹೋಗುತ್ತಿತ್ತು. ‘ತಡೆಯಿಲ್ಲದೆ ತೋರಿಸಬೇಕೆ? ಕಲಾವಿದರ ಖಾತೆ ತೆರೆಯಿರಿ’ ಎಂದು ಕೆಳಗಡೆ ಒಂದು ಗುಂಡಿ ಮಿನುಗುತ್ತಿತ್ತು. ಒತ್ತಿದೆ. ಷರತ್ತುಗಳು ಬಂದವು. ಹೆಬ್ಬೆರಳಿನಿಂದ ಉಜ್ಜಿದೆ, ಉಜ್ಜಿದೆ, ಮುಗಿಯಲಿಲ್ಲ.

“ಮನಾಂಗ್, ಅದನ್ನೆಲ್ಲ ಓದ್ತಾ ಕೂತ್ಕೋಬೇಡ ಕಣೇ,” ಎಂದಳು ಮರಿವಿಕ್. ಅಕ್ಕನನ್ನು ನಾವು ಹಾಗೇ ಕರೆಯುವುದು. ಅವಳು ಕಾರ್ಖಾನೆಯ ಊಟದ ಮನೆಯಲ್ಲಿ ತಲೆಗೆ ಬಿಳಿ ಟೊಪ್ಪಿ ಹಾಕಿಕೊಂಡೇ ಕೂತಿದ್ದಳು. “ನಂಗಿರೋದು ನಲವತ್ತು ನಿಮಿಷ. ಯಾರ್ ಓದ್ತಾರೆ ಅದನ್ನ? ಒತ್ತು.”

ಮೂರನೇ ಕ್ಲಾಸಿನ ಮಕ್ಕಳಿಗೆ ಓದು ಕಲಿಸುವುದು ನನ್ನ ಹೊಟ್ಟೆಪಾಡು. ‘ಒಪ್ಪಿದ್ದೇನೆ’ ಎಂಬುದನ್ನು ಒತ್ತಿದೆ.

ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿಸಿದೆ. ಅಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒರಗಿಸಿಕೊಂಡಳು. ಶವಪೆಟ್ಟಿಗೆಯ ಗಾಜಿನ ಹತ್ತಿರ ಹಿಡಿದು, ತಾನೂ ಬಾಗಿ, ಅಳು ಶುರುಮಾಡಿದಳು.

“ತೆರ್ಯೊ, ಕಿವಿಗೊಡು, ನಿನ್ನ ಕಿರಿಯಳು ಬಂದಿದಾಳೆ, ಅಂಗೈಯಗಲ ಗಾಜಿನೊಳಗೆ ಕೂತು ಕಡಲು ದಾಟಿ ಬಂದಿದಾಳೆ. ಅವಳು ತೊಟ್ಟಿಲಲ್ಲಿದ್ದಾಗ ನೀನು ಕಗಾಯಾನಿನ ಆ ಹೆಂಗಸಿನ ಮನೆಯಲ್ಲಿದ್ದೆ, ಅವಳ ಮೊದಲ ಹೆಜ್ಜೆ ನೋಡಲಿಲ್ಲ, ಈಗ ಅವಳು ನಿನ್ನ ಕೊನೆಯ ಮುಖ ನೋಡೋಕೆ ಬಂದಿದಾಳೆ, ಸಾಲ ತೀರಿತೇನೋ ತೆರ್ಯೊ. ನಾಚಿಕೆಗೆಟ್ಟವನೇ, ಕೊಪ್ಪರಿಗೆ ಕುದೀತಿದೆ, ಕಟ್ಟಿಗೆ ತರ್ತೀನಿ ಅಂದವನು ಯಾವ ಕಾಡಿಗೆ ಹೋದೆಯೋ, ಕೊಪ್ಪರಿಗೆ ಕುದೀತಿದೆ, ನಾನೊಬ್ಬಳೇ ಹೇಗೆ ಇಳಿಸಲೋ...”

ಇಷ್ಟು ವರ್ಷ ಆ ಕಗಾಯಾನಿನ ಹೆಂಗಸಿನ ಮಾತನ್ನು ಅಮ್ಮ ಒಂದು ಸಲವೂ ಎತ್ತಿರಲಿಲ್ಲ. ಮರಿವಿಕ್ ಗಾಜಿನೊಳಗೆ ಬಾಯಿಗೆ ಟೊಪ್ಪಿ ಒತ್ತಿಕೊಂಡು ಅಳುತ್ತಿದ್ದಳು. ಅವತ್ತು ಅವಳು ಬಂದಂತಾಯಿತು. ಅಪ್ಪನನ್ನು ಮಣ್ಣು ಮಾಡಿದೆವು. ಮಾರನೆಯ ದಿನ ಸೂತಕ ಕಳೆಯಲು ಹುಲ್ಲಿನ ಬೂದಿಯ ನೀರಿನಲ್ಲಿ ತಲೆ ತೊಳೆದುಕೊಂಡು, ನಮ್ಮ ನಮ್ಮ ಕೆಲಸಕ್ಕೆ ಹೋದೆವು.

ಎರಡು ತಿಂಗಳ ನಂತರ, ಶನಿವಾರ. ಉಪ್ಪಿನ ಗುಡಿಸಲಿನಲ್ಲಿ ಅಮ್ಮನ ಜೊತೆ ನಾನೂ ಇದ್ದೆ. ಪಕ್ಕದ ಕೊಪ್ಪರಿಗೆಯವಳು ಮನಾಂಗ್ ತಾಸಿಂಗ್, ಬಾಯಿ ಸುಮ್ಮನಿದ್ದರೆ ಜ್ವರ ಬರುವ ಪೈಕಿ, ಕಾಲು ಚಾಚಿ ಫೋನ್ ನೋಡುತ್ತಿದ್ದಳು. ಅದರಲ್ಲಿ ಒಂದು ಬೆಕ್ಕು ಮೇಜಿನಿಂದ ಜಾರಿ ನೀರಿನ ಬಕೆಟ್ಟಿಗೆ ಬಿತ್ತು. ಹಿಂದಿನಿಂದ ಒಂದು ಅಳು.

ಅಮ್ಮ ಸೌಟು ಬಿಟ್ಟು ಎದ್ದು ನಿಂತಳು. “ಯಾರೋ ಅಳ್ತಿದಾರಲ್ಲೇ ತಾಸಿಂಗ್. ಯಾರು ಹೋದ್ರು?”

“ಯಾರೂ ಹೋಗಿಲ್ಲ, ನಾನಾ ಪೊಲೊನ್. ಬೆಕ್ಕು,” ಎಂದು ತಾಸಿಂಗ್ ನಗುತ್ತಾ ಇನ್ನೊಂದು ವಿಡಿಯೊ ಎಳೆದಳು. ಊರಿನ ಕಿರಿಯರಿಗೆಲ್ಲ ಅಮ್ಮ ನಾನಾ ಪೊಲೊನ್. ಕೇಕು ಹೊತ್ತು ಬರುತ್ತಿದ್ದ ಮದುಮಗ ಎಡವಿ ಅದರ ಮೇಲೇ ಬಿದ್ದ. ಅದೇ ಅಳು. ‘ಕೊಪ್ಪರಿಗೆ ಕುದೀತಿದೆ, ಕಟ್ಟಿಗೆ ತರ್ತೀನಿ ಅಂದವನು...’

ತಾಸಿಂಗಳ ನಗು ಅರ್ಧದಲ್ಲಿ ನಿಂತಿತು. ಅಪ್ಪನ ಹೆಣದ ಮುಂದೆ ಅವಳೂ ಕೂತಿದ್ದವಳು. ಇಷ್ಟು ದಿನ ಅದನ್ನು ಕೇಳಿ ನಕ್ಕಿದ್ದಳು, ಗುರುತು ಹಿಡಿದಿರಲಿಲ್ಲ. ಸ್ವಲ್ಪ ವೇಗ ಹೆಚ್ಚಿಸಿ ಅಮ್ಮನ ದನಿಯನ್ನು ಕೀಚಲು ಮಾಡಿದ್ದರು.

“ದೇವರಾಣೆ ನಂಗೆ ಗೊತ್ತಿರಲಿಲ್ಲ,” ಎಂದಳು.

ಅಮ್ಮ ಫೋನನ್ನು ಇಸಿದುಕೊಂಡು, ತಿರುಗಿಸಿ, ಅದರ ಬೆನ್ನು ನೋಡಿದಳು. ಆಮೇಲೆ ಮರಳಿ ಕೊಟ್ಟು ನೊರೆ ತೆಗೆಯಲು ಕೂತಳು. ಅಷ್ಟಕ್ಕೇ ಮುಗಿದೀತು ಎಂದುಕೊಂಡೆ.

ಮುಗಿಯಲಿಲ್ಲ. ಮೇ ಮೊದಲ ವಾರ ನಮ್ಮ ಬೀದಿಯ ಬಾಲ್ಬಿನಾ ಅಜ್ಜಿ ತೀರಿಕೊಂಡರು. ನಮ್ಮ ಬರಾಂಗೈಯಲ್ಲಿ, ಅಂದರೆ ಈ ಊರಿನಲ್ಲಿ, ದುಂಗಾವ್ ಪೂರ್ತಿ ಬರುವವಳು ಉಳಿದಿರುವುದು ಅಮ್ಮ ಒಬ್ಬಳೇ, ಹಾಗಾಗಿ ಅಜ್ಜಿಯ ಮಗಳು ಬಂದು ಕೈ ಹಿಡಿದು ಕರೆದಳು. ಹೊನೊಲುಲುವಿನಿಂದ ಹಿರಿ ಮಗ ಮಧ್ಯಾಹ್ನ ಬರುವವನಿದ್ದ. ಬಂದವನು ಪ್ರಯಾಣದ ಪೆಟ್ಟಿಗೆ ಕೆಳಗಿಟ್ಟು ಹೊಸ್ತಿಲ ಮೇಲೆ ನಿಂತ. ಅಮ್ಮ ಕರಿ ಬಟ್ಟೆ ಸರಿಮಾಡಿಕೊಂಡು, ಗಾಜಿನ ಮೇಲೆ ಕೈಯಿಟ್ಟು ಮೊದಲ ಎಳೆ ಎಳೆದಳು.

ಹಿಂದಿನ ಬೆಂಚಿನಲ್ಲಿ ಕಾಫಿ ಹಂಚಲು ಕೂತಿದ್ದ ಹುಡುಗಿಯರಲ್ಲಿ ಒಬ್ಬಳು ಮೂಗಿನಲ್ಲಿ ನಕ್ಕಳು. ಇನ್ನೊಬ್ಬಳು ಅವಳ ಪಕ್ಕೆಗೆ ತಿವಿದಳು. ಮೂರನೆಯವಳು ಕೀಚಲು ದನಿಯಲ್ಲಿ, ಮೆಲ್ಲಗೇ, “ಕೊಪ್ಪರಿಗೆ ಕುದೀತಿದೆ!” ಎಂದಳು. ಬೆಂಚೆಲ್ಲ ಸಿಡಿಯಿತು.

ಕೆಟ್ಟ ಹುಡುಗಿಯರಲ್ಲ. ಇಬ್ಬರು ನನ್ನ ಹತ್ತಿರವೇ ಓದಿದವರು. ಬಾಯಿ ಮುಚ್ಚಿಕೊಂಡು ನಗು ತಡೆಯಲು ಒದ್ದಾಡುತ್ತಿದ್ದರು, ಕಣ್ಣಲ್ಲಿ ನೀರು ಬಂದಿತ್ತು. ಅವರು ದಿನಕ್ಕೆ ನೂರು ಸಲ ಆ ದನಿಗೆ ನಕ್ಕಿದ್ದರು. ಮೈಗೆ ಹತ್ತಿದ್ದನ್ನು ಬಿಡು ಎಂದರೆ ಹೇಗೆ ಬಿಟ್ಟೀತು? ಒಂದು ಮೂಲೆಯಿಂದ ಫೋನೊಂದು ಎದ್ದದ್ದೂ ಕಂಡಿತು.

ಅಮ್ಮ ನಿಲ್ಲಿಸಿದಳು. ಎರಡನೇ ಎಳೆಗೆ ಬಾಯಿ ತೆರೆದಳು, ಗಾಳಿ ಬಂತು, ದನಿ ಬರಲಿಲ್ಲ. ಅಜ್ಜಿಯ ಮಗಳು ಕಾದಳು. ಹೊನೊಲುಲುವಿನ ಮಗ ಐವತ್ತೆಂಟು ವರ್ಷದವನು, ಹೊಸ್ತಿಲ ಮೇಲೇ ನಿಂತಿದ್ದ. ಅವನು ಬಂದಿದ್ದಾನೆ ಎಂದು ತಾಯಿಗೆ ಹೇಳುವವರು ಯಾರೂ ಇರಲಿಲ್ಲ. ಕೊನೆಗೆ ಪಾದ್ರಿಗಳು ಜಪ ಶುರುಮಾಡಿದರು. ಅವನು ಮೆಲ್ಲಗೆ ಒಳಗೆ ಬಂದು ಗೋಡೆಗೆ ಒರಗಿದ.

ಅಮ್ಮ ಮನೆಗೆ ಬಂದು ಕರಿ ಬಟ್ಟೆ ಮಡಿಸಿಟ್ಟು, “ಸೆಲ್ದಾ, ಅದನ್ನ ವಾಪಸ್ ತರಿಸು,” ಎಂದಳು.

“ಯಾವುದನ್ನ, ನಾನಾಂಗ್?” ಎಂದೆ. ಅಮ್ಮನನ್ನು ಹಾಗೆ ಕರೆಯುವುದು.

“ನನ್ನ ಅಳು. ನಿಮ್ಮಪ್ಪಂಗೆ ಅಂತ ಅತ್ತಿದ್ದು. ಅದು ಅಲ್ಲಿ ಇರೋವರೆಗೂ ನಾನು ಯಾರ ಮುಂದೇನೂ ಕೂರೋ ಹಾಗಿಲ್ಲ. ನಾನು ಬಾಯಿ ತೆಗೆದ್ರೆ ಬೆಕ್ಕು ಬೀಳತ್ತೆ.”

ತರಿಸುತ್ತೇನೆ ಎಂದೆ. ನಾನೇ ಕೊಟ್ಟದ್ದಲ್ಲವೇ.

ದೂರಿನ ಗುಂಡಿ ಒತ್ತಿದೆ. ಹನ್ನೊಂದು ಸೆಕೆಂಡಿನಲ್ಲಿ ಉತ್ತರ ಬಂತು: ‘ಪರಿಶೀಲಿಸಿದ್ದೇವೆ. ನಮ್ಮ ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ. ನಿಮ್ಮ ಕಾಳಜಿಗೆ ವಂದನೆ.’ ಮತ್ತೆ ಬರೆದೆ, ಇದು ಸಾವಿನ ಮನೆಯ ಅಳು, ಹಾಸ್ಯವಲ್ಲ ಎಂದು. ಅದೇ ಉತ್ತರ. ಐದು ಸಲ ಬರೆದೆ. ಐದನೇ ಉತ್ತರದ ಕೆಳಗೆ ಒಂದು ಅಭಿನಂದನೆಯೂ ಇತ್ತು: ‘ನಿಮ್ಮ ಧ್ವನಿ ಈ ವಾರ ಜನಪ್ರಿಯವಾಗಿದೆ!’

ಲಾವಾಗ್ ಪಟ್ಟಣದಲ್ಲಿ ಬಡವರ ಕೇಸು ನೋಡುವ ವಕೀಲರೊಬ್ಬರಿದ್ದಾರೆ, ಅಟಾರ್ನಿ ಬುಮಾಂಗ್ಲಾಗ್. ಷರತ್ತುಗಳನ್ನೆಲ್ಲ ಶಾಲೆಯಲ್ಲಿ ಅಚ್ಚು ಹಾಕಿಸಿಕೊಂಡು ಹೋದೆ. ಐವತ್ತಮೂರು ಹಾಳೆ. ಅವರು ಕನ್ನಡಕ ಏರಿಸಿ ಒಂದು ಗಂಟೆ ಓದಿದರು. ಓದುತ್ತಾ ಓದುತ್ತಾ ಅವರಿಗೆ ಒಂದು ಥರದ ಮೆಚ್ಚುಗೆ ಬಂದ ಹಾಗೆ ಕಂಡಿತು.

“ಟೀಚರ್, ನೀವು ಮನೆ ಮಾರಿದ್ರೂ ಇಷ್ಟು ಗಟ್ಟಿಯಾಗಿ ಬರೆದುಕೊಡ್ತಿರಲಿಲ್ಲ. ಕೇಳಿ. ಮುಖ, ದನಿ, ಹೆಸರು, ಹಾವಭಾವ. ಜಗತ್ತಿನ ಎಲ್ಲ ಕಡೆ, ಎಂದೆಂದಿಗೂ. ಕತ್ತರಿಸೋಕೆ, ಬದಲಾಯಿಸೋಕೆ, ಬೇರೆಯವರಿಗೆ ಕೊಡೋಕೆ ಹಕ್ಕು ಅವರದ್ದು.”

“ಒತ್ತಿದ್ದು ನಾನು, ಸ್ವಾಮಿ. ಅಮ್ಮ ಒಪ್ಪಿಲ್ಲವಲ್ಲ. ಅಮ್ಮಂಗೆ ಆ ಆ್ಯಪಿನ ಹೆಸರು ಹೇಳೋಕೂ ಬರಲ್ಲ.”

“ಮೂವತ್ತೊಂದನೇ ಹಾಳೆ. ವಿಡಿಯೊದಲ್ಲಿ ಕಾಣೋ, ಕೇಳೋ ಎಲ್ಲರ ಒಪ್ಪಿಗೆ ಪಡೆದಿದೀನಿ ಅಂತ ನೀವು ಹೇಳಿದೀರಿ.”

“ನಾನು ಯಾವಾಗ ಹೇಳ್ದೆ?”

“ಒಪ್ಪಿದ್ದೇನೆ ಅಂತ ಒತ್ತಿದಾಗ.”

“ಅಲ್ಲಿ ನಮ್ಮಪ್ಪನ ಮುಖಾನೂ ಕಾಣ್ತಿತ್ತು. ಅವನ ಒಪ್ಪಿಗೇನೂ ಪಡೆದೆನಾ?”

ಅಟಾರ್ನಿ ಕನ್ನಡಕ ತೆಗೆದರು. “ಇದರ ಪ್ರಕಾರ, ಹೌದು.”

ಕೇಸು ಹಾಕಬೇಕೆಂದರೆ ಆ ಕಂಪನಿ ಇರುವ ದೇಶಕ್ಕೆ ಹೋಗಬೇಕು. ಅಲ್ಲಿಯೂ ಕೋರ್ಟಿಗಲ್ಲ, ಅವರೇ ನೇಮಿಸಿದ ಪಂಚರ ಮುಂದೆ. ಹಾಗೆಂದು ನಾನೇ ಒಪ್ಪಿದ್ದೆ. ಅಟಾರ್ನಿ ಎದ್ದು ಬಾಗಿಲವರೆಗೂ ಬಂದರು. ಹೊರಗೆ ಅವರ ಕಚೇರಿಯ ಬೋರ್ಡಿನಲ್ಲಿ, ಸಮಯ ನಿಗದಿಗೆ ಸಂಪರ್ಕಿಸಿ ಎಂದು ಬರೆದು, ಅದೇ ಆ್ಯಪಿನ ಗುರುತು ಹಾಕಿತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು.

“ಏನ್ ಮಾಡೋದು ಟೀಚರ್,” ಎಂದರು, “ಕಕ್ಷಿದಾರರೆಲ್ಲ ಅಲ್ಲೇ ಇದಾರೆ.”

ಆ ಆ್ಯಪನ್ನೇ ಬಿಟ್ಟುಬಿಡಿ ಎನ್ನುವವರು ಇದ್ದಾರೆ. ಬೇಡವಾದರೆ ಹೊರಗೆ ಬನ್ನಿ, ಯಾರು ಕಟ್ಟಿಹಾಕಿದ್ದಾರೆ ಎನ್ನುತ್ತಾರೆ. ಚಂಡಮಾರುತ ಬರುತ್ತದೆ ಎಂದು ಬರಾಂಗೈ ಕಚೇರಿ ಸಾರುವುದು ಅಲ್ಲಿ. ಶಾಲೆಯ ಸುತ್ತೋಲೆ ಬರುವುದು ಅಲ್ಲಿ, ಉಪ್ಪಿಗೆ ಗಿರಾಕಿ ಸಿಗುವುದು ಅಲ್ಲಿ, ತಂಗಿಯ ಮುಖ ಕಾಣುವುದೂ ಅಲ್ಲೇ. ಊರಿನ ಏಕೈಕ ದಾರಿಯನ್ನು ಕೊಂಡುಕೊಂಡವನು, ನಡೆಯುವವರು ತಮ್ಮ ನೆರಳನ್ನು ನನಗೆ ಬರೆದುಕೊಡಿ, ಇಷ್ಟವಿಲ್ಲದವರು ಮನೆಯಲ್ಲೇ ಇರಿ ಎಂದರೆ, ಅದನ್ನು ಒಪ್ಪಿಗೆ ಎಂದು ಕರೆಯುವ ಭಾಷೆ ಯಾವುದು? ನಾನು ಮಕ್ಕಳಿಗೆ ಪದಗಳ ಅರ್ಥ ಕಲಿಸುವವಳು. ‘ಒಪ್ಪಿಗೆ’ ಎಂಬ ಪದ ಪಾಠದಲ್ಲಿ ಬಂದಾಗ ಆ ವಾರ ನನ್ನ ನಾಲಿಗೆ ತಡವರಿಸಿತು.

ಆದರೂ ಖಾತೆ ಅಳಿಸಲು ಹೋದೆ. ‘ಖಾತೆ ಅಳಿಸಿದರೂ ಇತರರ ವಿಡಿಯೊಗಳಲ್ಲಿ ಬಳಕೆಯಾಗಿರುವ ಧ್ವನಿ ಉಳಿಯುತ್ತದೆ’ ಎಂದು ಬಂತು. ನಾವು ಹೋದರೂ ಅಳು ಹೋಗುವುದಿಲ್ಲ. ದೂರು ಕೊಡುವ ಬಾಗಿಲು ಮಾತ್ರ ಮುಚ್ಚುತ್ತದೆ. ಅಳಿಸುವುದನ್ನು ಬಿಟ್ಟು ಮತ್ತೆ ದೂರು ಬರೆದೆ.

ಮರಿವಿಕ್‌ಗೆ ಹೇಳಿದಾಗ ಅವಳು ತಲೆಯ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ನಂಗೆ ಮಾರ್ಚಲ್ಲೇ ಗೊತ್ತಿತ್ತು, ಮನಾಂಗ್. ಕಾರ್ಖಾನೆ ಬಸ್ಸಲ್ಲಿ ಒಬ್ಬಳು ಹಾಕಿದ್ಲು. ಮೊದಲ ಅಕ್ಷರಕ್ಕೇ ಗೊತ್ತಾಯ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಬಸ್ಸಲ್ಲಿ ಎಲ್ಲಾರೂ ನಕ್ರು. ನಾನೂ ನಕ್ಕೆ.” ಅವಳ ದನಿ ಸಣ್ಣಗಾಯಿತು. “ನಗದಿದ್ರೆ ಯಾಕೆ ಅಂತ ಕೇಳ್ತಿದ್ರು. ಅದು ನಮ್ಮಮ್ಮ ಅಂತ ಹೆಂಗೆ ಹೇಳ್ಲಿ? ಹೇಳಿದ್ರೆ ನನ್ನ ಮುಖ ಕಂಡಾಗೆಲ್ಲ ಅದನ್ನೇ ಹಾಕ್ತಿದ್ರು.”

ನಾನು ಅವಳನ್ನು ಬಯ್ಯಲಿಲ್ಲ. ಬಯ್ಯುವ ಅರ್ಹತೆ ನನಗೆ ಎಲ್ಲಿತ್ತು?

ಏಳನೇ ದೂರಿನ ನಂತರ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಹೆಣ್ಣುದನಿ, ನಮ್ಮ ಇಲೊಕಾನೊ ಮಾತು, ವಿಂಟಾರ್ ಕಡೆಯ ಎಳೆತ.

“ಮನಾಂಗ್ ಸೆಲ್ದಾ ಅಲ್ವಾ? ನನ್ನ ಹೆಸರು ಜೂವೆಲಿನ್. ನಾನು ಮನಿಲಾದಲ್ಲಿ ಆ ಆ್ಯಪಿನ ಕಚೇರೀಲಿ ಇದೀನಿ, ನಿಮ್ಮ ದೂರು ನನ್ನ ಮೇಜಿಗೆ ಬಂತು. ಹೀಗೆ ಫೋನ್ ಮಾಡೋ ಹಾಗಿಲ್ಲ, ಗೊತ್ತಾದ್ರೆ ಕೆಲಸ ಹೋಗತ್ತೆ. ಬೇಗ ಹೇಳಿಬಿಡ್ತೀನಿ.”

“ನೀನೇ ತೆಗೆದುಹಾಕು ಅಡಿಂಗ್, ಪುಣ್ಯ ಬರತ್ತೆ,” ಎಂದೆ. ಕಾಣದ ಹುಡುಗಿಯನ್ನು ಬಾಯಿತುಂಬ ತಂಗಿ ಎಂದು ಕರೆದಿದ್ದೆ.

“ನಂದು ಬರೀ ಗುಂಡಿ ಒತ್ತೋ ಕೆಲಸ, ಮನಾಂಗ್. ಒಂದು ದೂರಿಗೆ ಮೂವತ್ತು ಸೆಕೆಂಡು. ತಲೆ ಕಡಿದಿದ್ದರೆ ತೆಗೀಬಹುದು, ಬಟ್ಟೆ ಬಿಚ್ಚಿದ್ದರೆ ತೆಗೀಬಹುದು. ಅಳು ಅನ್ನೋದಕ್ಕೆ ಗುಂಡೀನೇ ಇಲ್ಲ. ನಮ್ಮಜ್ಜೀನೂ ದುಂಗಾವ್ ಹಾಡ್ತಿದ್ರು, ಅದಕ್ಕೇ ಮನಸ್ಸು ತಡೀಲಿಲ್ಲ.” ಅವಳು ಉಸಿರು ತೆಗೆದುಕೊಂಡಳು. “ಒಂದು ದಾರಿ ಇದೆ. ಧ್ವನಿಯ ಒಡೆಯರ ಅರ್ಜಿ ಅಂತ. ಎಲ್ಲೂ ಕಾಣೋ ಹಾಗೆ ಇಟ್ಟಿಲ್ಲ, ನಾನು ಕೊಂಡಿ ಕಳಿಸ್ತೀನಿ. ಆ ದನಿ ನಿಮ್ಮದೇ ಅಂತ ತೋರಿಸಿದ್ರೆ ಎಲ್ಲಾ ಕಡೆಯಿಂದ ತೆಗೀತಾರೆ. ನಾಲ್ಕು ಲಕ್ಷ ಇರಲಿ, ನಲವತ್ತು ಲಕ್ಷ ಇರಲಿ. ಮೂರು ಸಲ ಅವಕಾಶ. ಮೂರೂ ತಪ್ಪಿದ್ರೆ ಅರ್ಜಿ ಮುಚ್ಚಿಹೋಗತ್ತೆ. ಮತ್ತೆ ತೆಗೆಯಲ್ಲ.”

ಕೊಂಡಿ ಬಂತು. ಮೊದಲು ಹೊಸ ಷರತ್ತುಗಳು. ಈ ಸಲ ಓದಿದೆ. ಅರ್ಜಿದಾರರ ದನಿಯ ಅಚ್ಚನ್ನು ಕಂಪನಿ ಇಟ್ಟುಕೊಳ್ಳುತ್ತದೆ, ತನ್ನ ಯಂತ್ರಗಳಿಗೆ ಮಾತು ಕಲಿಸಲು ಬಳಸುತ್ತದೆ, ಹಿಂದೆ ಆದದ್ದಕ್ಕೂ ಮುಂದೆ ಆಗುವುದಕ್ಕೂ ಯಾರೂ ಯಾವ ದಾವೆಯನ್ನೂ ಹೂಡುವಂತಿಲ್ಲ. ಕದ್ದ ಅಂಗಿ ವಾಪಸ್ ಬೇಕಿದ್ದರೆ ಚರ್ಮ ಅಡವಿಡು ಎಂದ ಹಾಗೆ. ಓದಿದೆ, ಅರ್ಥವಾಯಿತು, ಒತ್ತಿದೆ. ಓದದೆ ಒತ್ತಿದ್ದಕ್ಕೂ ಓದಿ ಒತ್ತಿದ್ದಕ್ಕೂ ಏನು ವ್ಯತ್ಯಾಸ ಎಂದು ನನಗೆ ಈಗಲೂ ತಿಳಿದಿಲ್ಲ.

ಆಮೇಲೆ ಸೂಚನೆ ಬಂತು. ‘ಫೋನನ್ನು ಮುಖದ ಮುಂದೆ ಇಡಿ. ಗಂಟೆ ಹೊಡೆದ ಕೂಡಲೇ ಮೂಲ ಧ್ವನಿಯಲ್ಲಿರುವ ಅದೇ ಸಾಲುಗಳನ್ನು, ಅದೇ ಭಾವದಲ್ಲಿ, ಮೂವತ್ತು ಸೆಕೆಂಡಿನೊಳಗೆ ಹೇಳಿ.’

ಅದೇ ಭಾವದಲ್ಲಿ.

ಅಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಮೊದಲ ಅವಕಾಶವನ್ನು ನಾನೇ ಬಳಸಿದೆ. ನನ್ನ ದನಿಯೂ ಅಮ್ಮನ ದನಿಯೂ ಒಂದೇ ಎಂದು ಎಲ್ಲರೂ ಹೇಳುತ್ತಾರೆ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ತೆರ್ಯೊ ಎಂದು ಶುರುಮಾಡಿದೆ. ಅಪ್ಪನ ಹೆಸರನ್ನು ಹಾಗೆ ಹೆಸರಾಗಿ ನಾನು ಯಾವತ್ತೂ ಕರೆದಿರಲಿಲ್ಲ. ಎಳೆ ಎಲ್ಲಿ ಏರಬೇಕು ಎಲ್ಲಿ ಒಡೆಯಬೇಕು ಎಂಬುದೂ ಗೊತ್ತಿರಲಿಲ್ಲ, ಕಲಿತಿರಲಿಲ್ಲ. ಮೂವತ್ತು ಸೆಕೆಂಡು ಕುರಿಯ ಹಾಗೆ ಒದರಿದೆ. ‘ಧ್ವನಿ ಹೊಂದುತ್ತಿಲ್ಲ. ಉಳಿದ ಅವಕಾಶ: ಎರಡು.’

ಆ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮರಿವಿಕ್ ತಾಸಿಂಗಳ ಫೋನಿಗೆ ಕರೆ ಮಾಡಿದಳು, ನನ್ನ ಫೋನು ಅರ್ಜಿಗೆ ಬೇಕಿತ್ತಲ್ಲ. ತಾಸಿಂಗ್ ಫೋನ್ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದಳು. ಅಮ್ಮನಿಗೆ ಹೇಳಿದ್ದು ಮರಿವಿಕ್‌ಳೇ.

“ನಾನಾಂಗ್, ಒಂದೇ ಒಂದ್ಸಲ. ಮೂವತ್ತು ಸೆಕೆಂಡು. ಆಮೇಲೆ ಎಲ್ಲಾ ಅಳಿಸಿಹೋಗತ್ತೆ.”

ಅಮ್ಮ ಕರಿ ಲಂಗದ ಮೇಲೆ ಕೈಯೊರೆಸಿಕೊಂಡು ಕೂತಳು. ನಾನು ನನ್ನ ಫೋನನ್ನು ವಿನೆಗರ್ ಬಾಟಲಿಗೆ ಒರಗಿಸಿ ಅವಳ ಮುಖದ ಮುಂದೆ ನಿಲ್ಲಿಸಿದೆ. ಗಂಟೆ ಹೊಡೆಯಿತು. ಅಮ್ಮ ನೋಡುತ್ತಾ ಕೂತಳು. ನಾನು ಸನ್ನೆ ಮಾಡಿದೆ. ಅವಳು ನೋಡುತ್ತಲೇ ಇದ್ದಳು. ಮೂವತ್ತು ಸೆಕೆಂಡು ಕಳೆಯಿತು. ‘ಯಾವ ಧ್ವನಿಯೂ ಕೇಳಿಬರಲಿಲ್ಲ. ಉಳಿದ ಅವಕಾಶ: ಒಂದು.’

“ಅಯ್ಯೋ ನಾನಾಂಗ್, ಯಾಕೆ ಸುಮ್ಮನಿದ್ರಿ?” ಎಂದೆ.

“ಅದು ಏನಾದ್ರೂ ಕೇಳತ್ತೆ ಅಂದ್ಕೊಂಡೆ,” ಎಂದಳು ಅಮ್ಮ. “ಯಾರು ಹೋದ್ರು, ಯಾವಾಗ ಹೋದ್ರು ಅಂತ. ಏನೂ ಕೇಳ್ಲಿಲ್ಲವಲ್ಲ.”

“ಅದು ಏನೂ ಕೇಳಲ್ಲ. ನೀವು ಅವತ್ತು ಹೇಳಿದ್ದನ್ನೇ ಹೇಳ್ಬೇಕು. ತೆರ್ಯೊ ಅನ್ನೋದರಿಂದ ಹಿಡಿದು, ಕೊಪ್ಪರಿಗೆವರೆಗೆ.”

“ಯಾರ ಹೆಣದ ಮುಂದೆ?”

“ಹೆಣ ಇಲ್ಲ. ಇದರ ಮುಂದೆ.”

“ನಿಮ್ಮಪ್ಪಂಗೆ ಕೇಳ್ಸತ್ತಾ?”

ತಾಸಿಂಗ್ ತನ್ನ ಸ್ವಭಾವಕ್ಕೆ ತಕ್ಕ ಹಾಗೆ ಬಾಯಿ ಹಾಕಿದಳು. “ನಾನಾ ಪೊಲೊನ್, ನಾಟಕ ಅಂದ್ಕೊಳ್ಳಿ. ಟಿವಿಯಲ್ಲಿ ಆ ಹುಡುಗಿ ಕಣ್ಣಿಗೆ ಈರುಳ್ಳಿ ಹಚ್ಕೊಂಡು ಅಳಲ್ವಾ? ನಾನು ಬೇಕಾದ್ರೆ ಈರುಳ್ಳಿ ಹೆಚ್ತೀನಿ.”

“ನೀನು ಸತ್ತಾಗ ಈರುಳ್ಳಿ ಹೆಚ್ಕೊಂಡೇ ಅಳ್ತೀನಿ ಬಿಡು ತಾಸಿಂಗ್,” ಎಂದಳು ಅಮ್ಮ. ತಾಸಿಂಗ್ ನಕ್ಕಳು, ಆಮೇಲೆ ನಗಬಾರದಿತ್ತೇನೋ ಎಂಬಂತೆ ಬಾಯಿ ಮುಚ್ಚಿಕೊಂಡಳು.

ಫೋನಿನಲ್ಲಿ ಕೊನೆಯ ಅವಕಾಶದ ಗುಂಡಿ ಮಿನುಗುತ್ತಿತ್ತು. ಅದಕ್ಕೂ ಅವಧಿ ಇತ್ತು. ಐದು ನಿಮಿಷ, ಎಣಿಕೆ ಇಳಿಯುತ್ತಿತ್ತು. ಜೂವೆಲಿನ್ ಇದನ್ನು ಹೇಳಿರಲಿಲ್ಲ.

“ನಾನಾಂಗ್,” ಮರಿವಿಕ್‌ಳ ದನಿ ಒಡೆಯಿತು. “ಇದನ್ನ ಮಾಡದಿದ್ರೆ ಅದು ಅಲ್ಲೇ ಇರತ್ತೆ. ನೀವು ಇರೋವರೆಗೂ. ನೀವು ಹೋದ ಮೇಲೂ. ನನ್ನ ಮಕ್ಕಳು ಅದಕ್ಕೆ ನಗ್ತಾರೆ. ಗೊತ್ತಾ?”

“ಗೊತ್ತು ಮಗಳೇ.”

“ನಾನು ಕೇಳ್ಕೋತೀನಿ. ನಾನೇ ಅಲ್ವಾ ಒತ್ತು ಒತ್ತು ಅಂದಿದ್ದು. ನನಗೋಸ್ಕರ ಮಾಡಿ.”

ಅಮ್ಮ ಎದ್ದು ತಾಸಿಂಗಳ ಕೈಲಿದ್ದ ಫೋನಿನ ಹತ್ತಿರ ಹೋಗಿ, ಮರಿವಿಕ್‌ಳ ಮುಖ ಇದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ಚಿತ್ರ ಸರಿದುಹೋಯಿತು. ತಾಸಿಂಗ್ ಅವಸರದಲ್ಲಿ ಅದನ್ನು ಮತ್ತೆ ಸರಿಮಾಡಿದಳು.

“ನಿನಗೋಸ್ಕರಾನೇ ಅವತ್ತು ಅತ್ತಿದ್ದು. ನೀನು ಬಂದಿದೀಯ ಅಂತ ನಿಮ್ಮಪ್ಪಂಗೆ ಹೇಳೋಕೆ. ಈಗ ಯಾರು ಬಂದ್ರು ಅಂತ ಯಾರಿಗೆ ಹೇಳ್ಲಿ?”

ಎರಡು ನಿಮಿಷ ಉಳಿದಿತ್ತು. ನಾನು ಅಮ್ಮನ ತೋಳು ಹಿಡಿದು ಕೂರಿಸಿದೆ. ಒತ್ತಾಯ ಮಾಡಿದೆ, ತೋಳಿನಲ್ಲಿ ನನ್ನ ಬೆರಳಿನ ಗುರುತು ಮೂಡುವಷ್ಟು ಒತ್ತಾಯ ಮಾಡಿದೆ. ಕರಿ ಬಟ್ಟೆ ತಂದು ತಲೆಯ ಮೇಲೆ ಹಾಕಲು ಹೋದೆ. ಗುಂಡಿಯನ್ನು ನಾನೇ ಒತ್ತಿದೆ. ಗಂಟೆ ಹೊಡೆಯಿತು. ‘ಈಗ ಶುರುಮಾಡಿ’ ಎಂದು ಕೆಂಪು ಅಕ್ಷರ ಬಂತು. ಅಮ್ಮನ ಮುಖದ ಸುತ್ತ ಒಂದು ಹಸಿರು ಗೆರೆ ಸುತ್ತುಹಾಕಿತು.

“ಹೇಳಿ, ನಾನಾಂಗ್. ತೆರ್ಯೊ ಅನ್ನಿ. ಅಷ್ಟು ಅನ್ನಿ ಸಾಕು, ಮುಂದಿನದು ತಾನೇ ಬರತ್ತೆ.”

ಅಮ್ಮ ತಲೆಯ ಮೇಲಿನ ಬಟ್ಟೆಯನ್ನು ತೆಗೆದು ನನ್ನ ಕೈಗೆ ಕೊಟ್ಟಳು. ತುಟಿ ಬಿಗಿಯಾಗಿ ಮುಚ್ಚಿತ್ತು. ಹಸಿರು ಗೆರೆ ಸುತ್ತುತ್ತಲೇ ಇತ್ತು, ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು. ತಾಸಿಂಗಳ ಕೈಯ ಫೋನಿನಲ್ಲಿ ಮರಿವಿಕ್ ತೈವಾನಿನಿಂದ ಹಲೋ, ಹಲೋ ಎನ್ನುತ್ತಿದ್ದಳು.

“ಯಾರೂ ಸತ್ತಿಲ್ಲ,” ಎಂದಳು ಅಮ್ಮ, ನನಗಲ್ಲ, ಬಾಟಲಿಗೆ ಒರಗಿದ್ದ ಆ ಗಾಜಿಗೆ. “ನಾನು ಅಳಲ್ಲ.”